ಬೇವಿನ ಸೊಪ್ಪಿನೊಳಗಿನ ಸೂಜಿ

ಮನುಷ್ಯನಿಗೆ ತಾನು ಒಬ್ಬರಿಗೆ ಉಪಕಾರ ಮಾಡಿದ್ದೇನೆ ಎಂಬ ನೆನಪಿನಷ್ಟು ರುಚಿಯಾದ ಪದಾರ್ಥ ಇನ್ನೊಂದಿಲ್ಲ. ಹೋಳಿಗೆಯಾದರೆ ಎರಡು ದಿನಕ್ಕೆ ಹಳಸುತ್ತದೆ. ಇದು ಎಷ್ಟು ವರ್ಷ ಇಟ್ಟರೂ ಕೆಡುವುದಿಲ್ಲ, ಬದಲಿಗೆ ತೆಗೆದು ನೋಡಿದಾಗಲೆಲ್ಲ ಮೊದಲಿಗಿಂತ ಸ್ವಲ್ಪ ದೊಡ್ಡದಾಗಿರುತ್ತದೆ. ನನ್ನ ಹತ್ತಿರವೂ ಅಂಥದೊಂದಿತ್ತು. ಹೆಂಡತಿಗೆ ಮಾಡಿದ ಉಪಕಾರ. ಅದೂ ಸುಮ್ಮನೆ ಮಾಡಿದ್ದಲ್ಲ. ಮೈಯೆಲ್ಲ ಬೊಬ್ಬೆ ಎದ್ದು, ಕೋಣೆಯಲ್ಲಿ ಬಂದಿಯಾಗಿ, ಹೆತ್ತ ತಾಯಿಯ ಕಣ್ಣು ತಪ್ಪಿಸಿ, ಮಾರಮ್ಮನ ಕೋಪವನ್ನು ತಲೆಯ ಮೇಲೆ ಹೊತ್ತು ಮಾಡಿದ್ದು. ಗಂಡಸರಲ್ಲಿ ಇಂಥದ್ದನ್ನು ಎಷ್ಟು ಜನ ಮಾಡಿದ್ದಾರು ಎಂದು ನಾನು ಸುಮಾರು ಎರಡು ವಾರ ಹೆಮ್ಮೆಪಟ್ಟೆ. ಆ ಹೆಮ್ಮೆ ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಮುಗಿದುಹೋಯಿತು. ಅದು ಹೇಗೆ ಎಂದು ಬಾಯಿಬಿಟ್ಟು ಹೇಳುವುದಕ್ಕೆ ನನಗೆ ಇಷ್ಟು ವರ್ಷ ಬೇಕಾದವು.

ಎಪ್ಪತ್ತರ ದಶಕದ ಮಾತು. ನಾನಾಗ ಹಿರಿಯೂರಿನ ನೀರಾವರಿ ಕಚೇರಿಯಲ್ಲಿ ಟ್ರೇಸರ್ ಆಗಿದ್ದೆ. ಇಂಜಿನಿಯರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳುವಾದ ಮೇಣದ ಬಟ್ಟೆ ಹಾಸಿ, ಅದರ ಕೆಳಗೆ ಕಾಣುವ ಗೆರೆಗಳ ಮೇಲೆಯೇ ಕಪ್ಪು ಮಸಿಯಲ್ಲಿ ಗೆರೆ ಎಳೆಯುವುದು ನನ್ನ ಕೆಲಸ. ಸ್ವಂತ ಬುದ್ಧಿ ಉಪಯೋಗಿಸಿದರೆ ತಪ್ಪಾಗುವ ಉದ್ಯೋಗ. ಮಾರಿಕಣಿವೆಯ ನಾಲೆಗಳು, ಅವುಗಳ ತೂಬು, ಸೇತುವೆ, ಏರಿ ಎಲ್ಲವನ್ನೂ ನನ್ನ ಕೈ ಎಷ್ಟು ಸಲ ಎಳೆದಿತ್ತೆಂದರೆ, ನೀರಿಗಿಂತ ಹೆಚ್ಚು ನಾನೇ ಆ ನಾಲೆಗಳಲ್ಲಿ ಓಡಾಡಿದ್ದೆ. ಕಚೇರಿಯಲ್ಲಿ ನನ್ನ ಗೆರೆಗೆ ಹೆಸರಿತ್ತು. ಹೀಗಾಗಿ ಗೆರೆಗೆ ಸಂಬಂಧಪಟ್ಟ ಪ್ರಪಂಚದ ಯಾವ ಕೆಲಸವನ್ನಾದರೂ ನಾನು ಮಾಡಬಲ್ಲೆ ಎಂಬ ನಂಬಿಕೆ ನನಗಿತ್ತು. ಮಾಡುವ ಸಂದರ್ಭ ಮಾತ್ರ ಬರದಂತೆ ನೋಡಿಕೊಳ್ಳುತ್ತಿದ್ದೆ.

ನನ್ನ ಹೆಂಡತಿ ಶಾರದ ಹೊಸದುರ್ಗದ ಕಡೆಯವಳು. ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು, ಕಸೂತಿಯಲ್ಲಿ ಒಳ್ಳೆಯ ಕೈ. ಸರ್ಕಾರದವರು ನಡೆಸುವ ಕಸೂತಿ ಪರೀಕ್ಷೆಯೊಂದಿತ್ತು. ಅದರಲ್ಲಿ ಪಾಸಾದರೆ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಮೇಡಂ ಆಗಬಹುದು. ಅವಳು ಆ ಆಸೆಯನ್ನು ಮದುವೆಗೆ ಮುಂಚಿನಿಂದ ಮಡಿಲಲ್ಲಿ ಕಟ್ಟಿಕೊಂಡು ಬಂದಿದ್ದಳು. ಮೊದಲೆರಡು ವರ್ಷ ಏನೇನೋ ಕಾರಣಕ್ಕೆ ತಪ್ಪಿಹೋಯಿತು. ಆ ವರ್ಷವೂ ತಪ್ಪಿದರೆ ಕೆಲಸಕ್ಕೆ ಸೇರುವ ವಯಸ್ಸು ಮೀರಿಬಿಡುತ್ತಿತ್ತು. ಪರೀಕ್ಷೆಗೆ ಹೋಗುವಾಗ ಅಭ್ಯರ್ಥಿ ತನ್ನ ಕೈಯಾರೆ ಹೊಲಿದ ಮಾದರಿಗಳನ್ನೆಲ್ಲ ಒಂದು ಪುಸ್ತಕದಲ್ಲಿ ಅಂಟಿಸಿ ಒಪ್ಪಿಸಬೇಕು. ಸರಪಣಿ ಹೊಲಿಗೆ, ಕಾಂಡದ ಹೊಲಿಗೆ, ಗಂಟು ಹೊಲಿಗೆ ಎಂದು ಅದರ ಪಟ್ಟಿ ಮಾರುದ್ದ ಇತ್ತು.

ಅವಳು ನನ್ನ ಹತ್ತಿರ ಕೇಳಿದ್ದು ಒಂದೇ ಒಂದು. "ನಾಲೆ ಬರೆಯೋ ಕೈಯಾಗೆ ನನಗೊಂದು ನವಿಲು ಬರ್ಕೊಡ್ರಿ, ಬಟ್ಟೆ ಮ್ಯಾಲೆ" ಎಂದಿದ್ದಳು. ನಾನು ಯುಗಾದಿ ಆಗಲಿ ಎಂದೆ. ಯುಗಾದಿ ಆಯಿತು. ಆಮೇಲೆ ಕಚೇರಿಯಲ್ಲಿ ಕೆಲಸ ಜಾಸ್ತಿ ಎಂದೆ. ಒಂದು ದಿನ ಅವಳು ಮತ್ತೆ ನೆನಪಿಸಿದಾಗ, "ಸೂಜಿ ದಾರಕ್ಕೆಲ್ಲ ಒಂದು ಪರೀಕ್ಷೆ, ಅದಕ್ಕೊಬ್ಬ ಪರೀಕ್ಷಕ" ಎಂದು ನಕ್ಕುಬಿಟ್ಟೆ. ಅವಳು ನಗಲಿಲ್ಲ, ಕೋಪವನ್ನೂ ಮಾಡಿಕೊಳ್ಳಲಿಲ್ಲ. ಹಂಚಿಕಡ್ಡಿಗೆ ಹತ್ತಿ ಸುತ್ತಿ ನೀಲಿಯಲ್ಲಿ ಅದ್ದಿ ತಾನೇ ನವಿಲು ಬರೆದುಕೊಂಡಳು. ಚೆನ್ನಾಗಿಯೇ ಬಂದಿತ್ತು. ಕತ್ತು ಸ್ವಲ್ಪ ಉದ್ದವಾಯಿತು ಎಂದು ನಾನು ತಪ್ಪು ಹುಡುಕಿಕೊಟ್ಟೆ.

ಪರೀಕ್ಷೆಗೆ ಇನ್ನೇನು ಮೂರು ವಾರವಿದೆ ಎನ್ನುವಾಗ ನನಗೆ ಜ್ವರ ಬಂತು. ಎರಡನೆಯ ದಿನ ಹೊಟ್ಟೆಯ ಮೇಲೆ ಎರಡು ನೀರುಗುಳ್ಳೆ ಕಾಣಿಸಿದವು. ನನ್ನ ಅವ್ವ ಅಂಗಿ ಎತ್ತಿ ನೋಡಿದವಳೇ ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದಳು. "ಅಮ್ಮ ಆಡಾಕೆ ಬಂದವಳೆ" ಎಂದಳು. ಸೀತಾಳೆ ಸಿಡುಬು. ಮಕ್ಕಳಿಗೆ ಬರುವ ಕಾಯಿಲೆ ಮೂವತ್ತು ದಾಟಿದ ಸರ್ಕಾರಿ ನೌಕರನಿಗೆ ಬಂದದ್ದು ನನಗೆ ನಾಚಿಕೆಯ ವಿಷಯವಾಗಿತ್ತು. ಆದರೆ ಅವ್ವನ ಮಟ್ಟಿಗೆ ಅದು ಕಾಯಿಲೆಯೇ ಅಲ್ಲ. ಕಣಿವೆ ಮಾರಮ್ಮ ನಮ್ಮ ಮನೆಗೆ ದಯಮಾಡಿಸಿದ್ದಾಳೆ, ತಂಗುವುದಕ್ಕೆ ನನ್ನ ಮೈಯನ್ನು ಆರಿಸಿಕೊಂಡಿದ್ದಾಳೆ, ಅಷ್ಟೇ.

ಅವ್ವನಿಗೂ ಶಾರದಳಿಗೂ ಚಿಕ್ಕಂದಿನಲ್ಲೇ ಆಗಿಹೋಗಿದ್ದರಿಂದ ಅವರಿಗೆ ಭಯವಿರಲಿಲ್ಲ. ನನ್ನನ್ನು ಬೀದಿಯ ಕಡೆಗೆ ಕಿಟಕಿ ಇರುವ ಮುಂದಿನ ಕೋಣೆಗೆ ಹಾಕಿದರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು, ಚಾಪೆಯ ಮೇಲೆ ಬೇವಿನ ಸೊಪ್ಪು ಹಾಸಿದರು, ತುರಿಸಿದಾಗ ಸವರಿಕೊಳ್ಳುವುದಕ್ಕೆ ತಲೆಯ ಪಕ್ಕ ಇನ್ನೊಂದು ರಾಶಿ ಇಟ್ಟರು. ಮೇಕೆಯೊಂದು ನನ್ನನ್ನು ನೋಡಿದ್ದರೆ ಅಸೂಯೆಪಡುತ್ತಿತ್ತು. ಬೇವಿನ ನೀರಿನ ಮೂರು ಸ್ನಾನ, ಅಂದರೆ ಮೂರು ನೀರು, ಹಾಕುವ ತನಕ ಒಗ್ಗರಣೆ ಇಲ್ಲ, ಕರಿಯುವುದಿಲ್ಲ, ಕ್ಷೌರ ಇಲ್ಲ, ಬಾಚಣಿಗೆ ಇಲ್ಲ, ಮನೆಗೆ ಯಾರೂ ಬರುವ ಹಾಗಿಲ್ಲ, ಮನೆಯವರು ಯಾರ ಮನೆಗೂ ಹೋಗುವ ಹಾಗಿಲ್ಲ. ನನಗೆ ರಾಗಿ ಅಂಬಲಿ, ಮೊಸರನ್ನ, ಎಳನೀರು. ಮೂವತ್ತು ವರ್ಷ ನನ್ನನ್ನು "ಲೇ" ಎಂದೇ ಕರೆದಿದ್ದ ಅವ್ವ ಈಗ ಮೈಲಿಗೆಯಾದೀತೆಂದು ಒಳಗೆ ಕಾಲಿಡದೆ ಹೊಸ್ತಿಲ ಆಚೆ ತಟ್ಟೆ ಇಟ್ಟು, "ಉಣ್ಣು ತಾಯಿ, ತಣ್ಣಗೆ ಉಣ್ಣು" ಎನ್ನತೊಡಗಿದಳು. ಆ ಮರ್ಯಾದೆ ನನಗಲ್ಲ, ಒಳಗಿರುವವಳಿಗೆ ಎಂದು ಗೊತ್ತಿದ್ದರೂ ಕೇಳುವುದಕ್ಕೆ ಹಿತವಾಗಿತ್ತು.

ಇಷ್ಟರಲ್ಲಿ ಅವ್ವ ಇನ್ನೊಂದು ಆಜ್ಞೆ ಹೊರಡಿಸಿದಳು. ನಡುಮನೆಯಲ್ಲಿ ನಿಂತು ಹೇಳಿದ್ದು ನನ್ನ ಕೋಣೆಗೆ ಸ್ಪಷ್ಟವಾಗಿ ಕೇಳಿಸಿತು. "ನೋಡವ್ವ ಶಾರದ, ಅಮ್ಮ ಒಳಗಿರೋ ತನಕ ಈ ಸೂರಿನ ಕೆಳಗೆ ಸೂಜಿ ಮೊನೆ ಕಾಣಬಾರದು. ಬಟ್ಟೆಗೆ ಚುಚ್ಚಿದ್ರೆ ಅಮ್ಮನ ಮೈಗೆ ಚುಚ್ಚಿದಂಗೆ." ಇದು ಅವಳು ಸೊಸೆಗೆ ಮಾತ್ರ ಹಾಕಿದ ಕಟ್ಟಲ್ಲ. ತುರುವನೂರಿನ ಕುರಿ ಸಾಕುವ ಮನೆಯಲ್ಲಿ ಹುಟ್ಟಿದವಳು ಅವ್ವ. ಕಂಬಳಿ ಹೊಲಿಯುವ ದಬ್ಬಳ, ಉಣ್ಣೆ ನೂಲುವ ಕದಿರು ಇಲ್ಲದೆ ಅವಳ ಕೈ ಒಂದು ದಿನ ಸುಮ್ಮನಿದ್ದದ್ದನ್ನು ನಾನು ಕಾಣೆ. ಆ ದಬ್ಬಳ, ಕದಿರು ಎರಡನ್ನೂ ಅವಳು ಆವತ್ತೇ ಗಂಟು ಕಟ್ಟಿ ಹಿತ್ತಲ ಗೋಡೆಯ ಗೂಡಿನಲ್ಲಿ ಇಟ್ಟುಬಂದಳು. ಮೂರನೆಯ ನೀರು ಬೀಳುವುದಕ್ಕೂ ಶಾರದಳ ಪರೀಕ್ಷೆಗೂ ನಡುವೆ ಉಳಿಯುವುದು ಎರಡೇ ದಿನ. ಮಾದರಿ ಪುಸ್ತಕದಲ್ಲಿ ಅರ್ಧಕ್ಕಿಂತ ಹೆಚ್ಚು ಹಾಳೆ ಖಾಲಿ ಇದ್ದವು. ಶಾರದ "ಆಗಲಿ ಅತ್ತೆ" ಎಂದಷ್ಟೇ ಹೇಳಿದ್ದು ಕೇಳಿಸಿತು.

ನನಗೆ ಅವಳ ಬಗ್ಗೆ ನಿಜವಾಗಿಯೂ ಸಂಕಟವಾಯಿತು. ಆದರೆ ಹೆಚ್ಚು ಹೊತ್ತು ಇನ್ನೊಬ್ಬರಿಗಾಗಿ ಸಂಕಟಪಡುವುದಕ್ಕೆ ತುರಿಕೆ ಬಿಡಲಿಲ್ಲ. ಅದರ ವಿಷಯ ಅನುಭವಿಸಿದವರಿಗೇ ಗೊತ್ತು. ಬೇವಿನ ಎಲೆಯಿಂದ ಸವರಿಕೊಳ್ಳಿ ಎನ್ನುತ್ತಾರೆ. ಹೊಟ್ಟೆ ಹಸಿದವನಿಗೆ ಅನ್ನದ ಪಾತ್ರೆ ತೋರಿಸಿದಷ್ಟೇ ಫಲ. ನಾನು ಕಚೇರಿಯಿಂದ ತಂದಿದ್ದ ಉದ್ದನೆಯ ಸ್ಕೇಲಿನಿಂದ ಬೆನ್ನು ಕೆರೆದುಕೊಂಡೆ. ಅವ್ವ ಹೊಸ್ತಿಲ ಆಚೆಯಿಂದಲೇ ಕೈ ಚಾಚಿ ಅದನ್ನು ಕಿತ್ತುಕೊಂಡಳು. ಮೂಲೆಮಟ್ಟದಿಂದ ಕೆರೆದುಕೊಂಡೆ. ಅದೂ ಹೋಯಿತು. "ಕೆರ್ಕಬ್ಯಾಡ ತಾಯಿ, ಕೆರ್ಕಂಡ್ರೆ ಗುಳಿ ಬೀಳ್ತವೆ, ಮಖ ಜರಡಿ ಆಗ್ತೈತೆ" ಎಂದು ಅಂಗಲಾಚಿದಳು. ನಾಲ್ಕನೆಯ ದಿನ ಬೆಳಗ್ಗೆ ಮೂಗಿನ ಎಡಗಡೆಯ ಒಂದು ಗುಳ್ಳೆಯನ್ನು ನಾನು ಉಗುರಿನಿಂದ ಬುಡಸಮೇತ ಕಿತ್ತೆ. ಆ ಕ್ಷಣದ ಸುಖ ಹೇಳತೀರದು. ಅವ್ವ ಹೊಸ್ತಿಲಲ್ಲಿ ನಿಂತು ನೋಡಿದಳು, ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು.

ಆವತ್ತು ಮಧ್ಯಾಹ್ನ ಶಾರದ ಬೆಕ್ಕಿನ ಹೆಜ್ಜೆ ಇಟ್ಟು ಬಾಗಿಲಿಗೆ ಬಂದಳು. ಸೆರಗಿನ ಕೆಳಗಿನಿಂದ ಒಂದು ಬಿಳಿ ಬಟ್ಟೆ, ಅದನ್ನು ಬಿಗಿಯುವ ಮರದ ಬಳೆ, ದಾರದ ಲಡಿ, ಒಂದು ಸೂಜಿ ತೆಗೆದಳು. "ಅತ್ತೆ ಮಲಗವ್ರೆ. ಒಂದು ಉಪಕಾರ ಮಾಡ್ತೀರೇನ್ರಿ?" ಎಂದಳು. ಮನೆಯಲ್ಲಿ ಎಲ್ಲಿ ಕುಳಿತು ಹೊಲಿದರೂ ಅತ್ತೆಯ ಕಣ್ಣಿಗೆ ಬೀಳುತ್ತದೆ. ಅತ್ತೆ ಕಾಲಿಡದ ಜಾಗ ಈ ಕೋಣೆಯೊಂದೇ. ಸುಲಭದ ಮಾದರಿಗಳನ್ನಾದರೂ ನಾನು ಹೊಲಿದುಕೊಟ್ಟರೆ ಪುಸ್ತಕ ಹೇಗೋ ತುಂಬುತ್ತದೆ. ಇಷ್ಟು ಹೇಳಿ, "ನಿಮ್ಮ ಕೈ ಗೆರೆ ಅಂದ್ರೆ ಆಫೀಸಿನೋರೆಲ್ಲ ಹೊಗಳ್ತಾರಲ್ಲ, ಅದಕ್ಕೆ ಕೇಳಿದ್ದು" ಎಂದು ತಲೆ ತಗ್ಗಿಸಿ ನಿಂತಳು.

ನವಿಲು ಬರೆದುಕೊಡದ ಪಾಪವೆಲ್ಲ ಒಮ್ಮೆಗೇ ನೆನಪಾಯಿತು. ಇನ್ನೊಬ್ಬರು ಹೊಲಿದದ್ದನ್ನು ತನ್ನದೆಂದು ಒಪ್ಪಿಸುವುದು ತಪ್ಪು ಎಂದು ಒಂದು ಗಳಿಗೆ ಅನ್ನಿಸಿತು. ಗಂಡ ಹೆಂಡತಿ ಬೇರೆಯಲ್ಲವಲ್ಲ ಎಂದು ಇನ್ನೊಂದು ಗಳಿಗೆಯಲ್ಲಿ ಸಮಾಧಾನ ಮಾಡಿಕೊಂಡೆ. ಉಳಿದದ್ದು ಮಾರಮ್ಮನ ಭಯ. ಅವಳು ಕುಳಿತಿರುವ ಮೈಯಲ್ಲೇ, ಅವಳಿಗೆ ಹಾಸಿದ ಬೇವಿನ ಮೇಲೆಯೇ ಸೂಜಿ ಆಡಿಸುವುದು ಸಣ್ಣ ಧೈರ್ಯವಲ್ಲ. ಬಂದದ್ದು ಬರಲಿ, ಮಾರಮ್ಮನ ದಯೆಯಿರಲಿ ಎಂದು ಆ ಮಾರಮ್ಮನನ್ನೇ ನೆನೆದು ಬಟ್ಟೆ ಕೈಗೆತ್ತಿಕೊಂಡೆ.

ಮೊದಲು ಕೊಟ್ಟದ್ದು ಒಂದು ಗೇಣುದ್ದದ ಸರಪಣಿ ಹೊಲಿಗೆ. ಮೇಲಿನಿಂದ ಚುಚ್ಚಿ, ದಾರವನ್ನು ಉಂಗುರ ಮಾಡಿ, ಅದರೊಳಗಿಂದ ಸೂಜಿ ತೆಗೆಯುವುದು. ಹೊಸ್ತಿಲ ಆಚೆ ಕುಳಿತು ಅವಳು ಎರಡು ಸಲ ತೋರಿಸಿದಳು. ಇಷ್ಟೇ ತಾನೆ ಎಂದುಕೊಂಡೆ. ಕಚೇರಿಯ ಪದ್ಧತಿಯಂತೆ ಮೊದಲು ಪೆನ್ಸಿಲಿನಲ್ಲಿ ಸಮಾನ ದೂರಕ್ಕೆ ಚುಕ್ಕೆ ಇಟ್ಟೆ. ಒಂದೊಂದು ಉಂಗುರವೂ ಒಂದೇ ಅಳತೆಗೆ ಬರಲಿಲ್ಲವೆಂದು ಬಿಚ್ಚಿದೆ. ಮತ್ತೆ ಹಾಕಿದೆ. ಮತ್ತೆ ಬಿಚ್ಚಿದೆ. ಎರಡು ದಿನಕ್ಕೆ ಆ ಗೇಣುದ್ದ ಮುಗಿದಾಗ ಬಟ್ಟೆ ನನ್ನ ಮೈಯಷ್ಟೇ ತೂತು ಬಿದ್ದಿತ್ತು. ಶಾರದ ಅದನ್ನು ಬೆಳಕಿಗೆ ಹಿಡಿದು, "ಗೋಣಿ ಚೀಲ ಹೊಲಿದಂಗೈತೆ. ಗಟ್ಟಿ ಐತೆ ಬಿಡ್ರಿ" ಎಂದಳು. ಅದನ್ನು ನಾನು ಹೊಗಳಿಕೆಯ ಲೆಕ್ಕಕ್ಕೆ ಸೇರಿಸಿಕೊಂಡೆ.

ಹೀಗೆ ದಿನ ಸಾಗಿದವು. ಬೆಳಗ್ಗೆ ಅಂಬಲಿ ಕುಡಿದು ಕುಳಿತರೆ ಮಧ್ಯಾಹ್ನದ ತನಕ ಹೊಲಿಗೆ, ಊಟವಾದ ಮೇಲೆ ಸಂಜೆ ಬೆಳಕು ಇರುವ ತನಕ ಮತ್ತೆ ಹೊಲಿಗೆ. ಸಂಜೆ ಶಾರದ ಬಂದು ಆದಷ್ಟನ್ನು ಇಸಿದುಕೊಂಡು ಹೊಸದನ್ನು ಕೊಡುತ್ತಿದ್ದಳು. "ಪುಸ್ತಕ ಎಲ್ಲಿಗೆ ಬಂತು?" ಎಂದು ನಾನು ಗಂಭೀರವಾಗಿ ವಿಚಾರಿಸುವೆ. "ಆಗ್ತಾ ಐತ್ರಿ, ನಿಮ್ಮ ದಯದಿಂದ" ಎನ್ನುವಳು. ಆ ಕೊನೆಯ ಎರಡು ಮಾತು ಕೇಳುವುದಕ್ಕೇ ನಾನು ಮರುದಿನ ಇನ್ನೂ ಬೇಗ ಎದ್ದು ಕೂರುತ್ತಿದ್ದೆ. ಒಂದು ವಿಚಿತ್ರವೆಂದರೆ ನನಗೆ ತುರಿಕೆಯ ನೆನಪೇ ಕಡಿಮೆಯಾಯಿತು. ಒಂದು ಕೈಯಲ್ಲಿ ಬಳೆ, ಇನ್ನೊಂದರಲ್ಲಿ ಸೂಜಿ. ಕೆರೆದುಕೊಳ್ಳುವುದಕ್ಕೆ ಮೂರನೆಯ ಕೈ ಎಲ್ಲಿಂದ ತರುವುದು.

ಅವ್ವನ ಕಣ್ಣು ತಪ್ಪಿಸುವುದು ನಾನು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಆ ದಿನಗಳಲ್ಲಿ ಅವಳಿಗೆ ಕೆಮ್ಮು ಹಿಡಿದಿತ್ತು. ನನ್ನ ಕೋಣೆಯ ಕಡೆ ಬರುವಾಗ ನಡುಮನೆಯಿಂದಲೇ ಕೆಮ್ಮುತ್ತ, ಬಳೆ ಸರಿಮಾಡಿಕೊಳ್ಳುತ್ತ, ಬಾಗಿಲ ಹತ್ತಿರ ನಿಂತು ಇನ್ನೊಮ್ಮೆ ಕೆಮ್ಮಿ ಬರುತ್ತಿದ್ದಳು. ಅಷ್ಟರಲ್ಲಿ ನಾನು ಬಟ್ಟೆ, ಮರದ ಬಳೆ, ದಾರ ಎಲ್ಲವನ್ನೂ ತಲೆಯ ಪಕ್ಕದ ಬೇವಿನ ರಾಶಿಯೊಳಗೆ ತುರುಕಿ ಮುಖವನ್ನು ರೋಗಿಷ್ಟನಂತೆ ಮಾಡಿಕೊಳ್ಳುತ್ತಿದ್ದೆ. ಮುದುಕಿಗೆ ಏನೂ ಗೊತ್ತಾಗುತ್ತಿಲ್ಲವಲ್ಲ ಎಂದು ಒಳಗೊಳಗೇ ಖುಷಿ. ಒಂದು ಸಲ ಮಾತ್ರ ಅವಸರದಲ್ಲಿ ಸೂಜಿ ಎಲ್ಲಿ ಹೋಯಿತೆಂದು ತಿಳಿಯಲಿಲ್ಲ. ಅವ್ವ ತಟ್ಟೆ ಇಟ್ಟು ನಿಂತಿರುವಾಗ ಸ್ವಲ್ಪ ಆರಾಮವಾಗಿ ಕೂರೋಣವೆಂದು ಸರಿದು ಕುಳಿತೆ. ಸೂಜಿ ಎಲ್ಲಿದೆಯೆಂದು ಆಗ ತಿಳಿಯಿತು. ನನ್ನ ಬಾಯಿಂದ ಹೊರಟ ಧ್ವನಿಗೆ ಅವ್ವ ಗಾಬರಿಯಾಗಿ, "ಏನಾಯ್ತು ತಾಯಿ?" ಎಂದಳು. "ಅಮ್ಮ ಆಡ್ತಾವಳೆ" ಎಂದೆ. ಅವ್ವ ಯಾಕೋ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬೇಗ ಬೇಗ ಹೋದಳು. ಪಾಪ, ಕೆಮ್ಮು ಒತ್ತರಿಸಿ ಬಂದಿರಬೇಕು ಎಂದುಕೊಂಡೆ.

ಆರೋಗ್ಯ ಇಲಾಖೆಯವರು ಬಂದದ್ದು ನಾನು ಗಿಳಿ ಹೊಲಿಯುತ್ತಿದ್ದ ದಿನ. ಸುಲಭದವು ಮುಗಿದ ಮೇಲೆ ಶಾರದ ನನಗೊಂದು ಗಿಳಿ ಕೊಟ್ಟಿದ್ದಳು; ಹಸಿರು ಮೈ, ಕೆಂಪು ಕೊಕ್ಕು. ನಾಲೆಯ ಏರಿಯಾದರೆ ನನ್ನ ಕೈ ನೇರ ಹೋಗುತ್ತಿತ್ತು, ಗಿಳಿಗೆ ಎಲ್ಲಿಯೂ ನೇರ ಇರಲಿಲ್ಲ. ಬಳುಕುವ ಕಡೆಗೆಲ್ಲ ನಾನು ಮೂಲೆ ಕೊಟ್ಟೆ. ಆಗ ದೊಡ್ಡ ಸಿಡುಬು ಎಲ್ಲಾದರೂ ಉಳಿದಿದೆಯೇ ಎಂದು ಹುಡುಕುತ್ತ ಸರ್ಕಾರದವರು ಮನೆಮನೆ ತಿರುಗುತ್ತಿದ್ದ ಕಾಲ. ಒಬ್ಬ ಇನ್‌ಸ್ಪೆಕ್ಟರು ಸಿಡುಬು ಬಂದ ಮಗುವಿನ ಚಿತ್ರವಿರುವ ಕಾರ್ಡು ಹಿಡಿದು ನನ್ನ ಕಿಟಕಿಗೆ ಬಂದರು. ಕಾರ್ಡನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. "ಇದು ದೊಡ್ಡದಲ್ಲ ಬಿಡಿ, ಸಣ್ಣದು" ಎಂದು ಬರೆದುಕೊಂಡರು. ಇಷ್ಟೆಲ್ಲ ಅನುಭವಿಸಿದ ಮೇಲೆ ಸಣ್ಣದು ಎನ್ನಿಸಿಕೊಂಡದ್ದಕ್ಕೆ ನನಗೆ ಸ್ವಲ್ಪ ಬೇಜಾರೇ ಆಯಿತು. ಹೊರಡುವ ಮುಂಚೆ ಅವರು ಸರಳಿನ ನಡುವೆ ಬಗ್ಗಿ, "ಅದೇನ್ರಿ ಬಟ್ಟೆ ಮೇಲೆ, ಬದನೆಕಾಯಿನಾ?" ಎಂದರು.

ನಾನು ಬಟ್ಟೆಯನ್ನು ಸೊಪ್ಪಿನೊಳಗೆ ತುರುಕಿದೆ. ಅವ್ವ ಅಲ್ಲೇ ಹೊರಗೆ ಜಗಲಿಯ ಮೇಲೆ ಕುಳಿತಿದ್ದಳು. ಶಾರದಳ ಪುಸ್ತಕ, ಪರೀಕ್ಷೆ, ಕೆಲಸ ಎಲ್ಲವೂ ಆ ಒಂದು ಬದನೆಕಾಯಿಯ ಮೇಲೆ ನಿಂತಿತು. ಅವ್ವ ತಲೆ ಎತ್ತದೆ, "ಬೇವಿನ ಎಲೆ ಕಣಪ್ಪ. ಬಿಸಿಲಾಗೆ ಬಂದಿದೀಯಲ್ಲ, ಹಂಗೆ ಕಾಣ್ತೈತೆ. ಒಂಚೂರು ಮಜ್ಜಿಗೆ ಕೊಡ್ಲಾ, ದೂರ ಕುಂತ್ಕಂಡು ಕುಡೀತೀಯಾ?" ಎಂದಳು. ಅವ್ವನ ಕಣ್ಣಿಗೆ ಪೊರೆ ಬಂದಿರಬೇಕು, ಮೂರು ನೀರು ಆದ ಮೇಲೆ ಚಿತ್ರದುರ್ಗದ ಕಣ್ಣಿನ ಡಾಕ್ಟರಿಗೆ ತೋರಿಸಬೇಕು ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ.

ಮರುದಿನ ನನ್ನ ಬಲಗೈ ಹೆಬ್ಬೆರಳಿನ ಮೇಲೆ ಹೊಸದಾಗಿ ಒಂದು ಗುಳ್ಳೆ ಎದ್ದಿತು. ಸರಿಯಾಗಿ ಸೂಜಿ ಒತ್ತುವ ಜಾಗದಲ್ಲಿ. ಉಳಿದವೆಲ್ಲ ಒಣಗುತ್ತಿರುವಾಗ ಇದೊಂದು ಏಕೆ ಬಂತು ಎಂದು ಯೋಚಿಸಿದರೆ ಉತ್ತರ ಒಂದೇ. ಅಮ್ಮನಿಗೆ ಗೊತ್ತಾಗಿದೆ. ನಾನು ಓದಿದವನು, ಇಂಥದನ್ನೆಲ್ಲ ನಂಬುವುದಿಲ್ಲ ಎಂದು ಕಚೇರಿಯಲ್ಲಿ ವಾದ ಮಾಡಿದವನು. ಆದರೂ ಆವತ್ತು ನನಗೆ ಹೆದರಿಕೆಯಾಯಿತು. ಗಿಳಿಗೆ ಕಣ್ಣೊಂದು ಬಾಕಿ ಇತ್ತು. ಬಿಟ್ಟುಬಿಡೋಣವೆಂದರೆ ಸಂಜೆ ಬಂದು ಕೈ ಚಾಚುವ ಶಾರದಳ ಮುಖ ಎದುರಿಗೆ ಬಂತು. "ತಾಯಿ, ಕಣ್ಣು ಒಂದು ಇಟ್ಟುಬಿಡ್ತೀನಿ. ಅವಳಿಗೆ ಇದೊಂದೇ ವರ್ಷ ಉಳಿದಿರೋದು. ಆಮೇಲೆ ನೀನು ಏನಾದರೂ ಮಾಡಿಕೋ" ಎಂದು ಗುಳ್ಳೆಯ ಹತ್ತಿರ ಮಾತಾಡಿದೆ. ಹೆಬ್ಬೆರಳು ಬಿಟ್ಟು ತೋರುಬೆರಳು ಮಧ್ಯದ ಬೆರಳಿನಲ್ಲಿ ಸೂಜಿ ಹಿಡಿದು ಗಂಟು ಹೊಲಿಗೆಯ ಕಣ್ಣು ಇಟ್ಟೆ. ಅದು ಕಣ್ಣಿನ ಜಾಗ ಬಿಟ್ಟು ಕತ್ತಿನ ಹತ್ತಿರ ಕೂತಿತು. ನನ್ನ ಜೀವನದಲ್ಲಿ ಪೂರ್ತಿ ಇನ್ನೊಬ್ಬರಿಗಾಗಿಯೇ ಮಾಡಿದ ಕೆಲಸ ಯಾವುದೆಂದು ಕೇಳಿದರೆ ಆ ಕಣ್ಣನ್ನು ತೋರಿಸಬಹುದು ಎಂದು ಆಗ ನಾನು ನಂಬಿದ್ದೆ.

ಮೂರು ನೀರು ಆದವು. ಬೇವಿನ ನೀರು ಸುರಿದು, ಅರಿಸಿನ ಹಚ್ಚಿ, ಬಾಗಿಲ ಸೊಪ್ಪು ಬಿಚ್ಚಿ, ಮಾರಮ್ಮನಿಗೆ ಮೊಸರನ್ನದ ಎಡೆ ಇಟ್ಟು ಅವ್ವ ಅವಳನ್ನು ಕಳಿಸಿಕೊಟ್ಟಳು. ನಾನು ಮತ್ತೆ "ಲೇ" ಆದೆ. ಎರಡು ದಿನ ಕಳೆದು ಶಾರದಳನ್ನು ಪರೀಕ್ಷೆಗೆ ಕರೆದುಕೊಂಡು ಹೊರಟೆ. ಸುಸ್ತಿತ್ತು, ಅವಳು ಬೇಡವೆಂದಳು, ಆದರೂ ಹೊರಟೆ. ಪರೀಕ್ಷಕರು ಪುಸ್ತಕ ತಿರುವುವಾಗ ಹತ್ತಿರ ಎಲ್ಲಾದರೂ ನಿಂತು ನನ್ನ ಗಿಳಿಗೆ ಏನನ್ನುತ್ತಾರೆ ಎಂದು ಕೇಳುವ ಆಸೆ.

ಬಸ್ಸು ಊರು ದಾಟಿದ ಮೇಲೆ, ಒಮ್ಮೆ ನೋಡುತ್ತೇನೆ ಕೊಡು ಎಂದು ಪುಸ್ತಕ ಇಸಿದುಕೊಂಡೆ. ಮೊದಲ ಹಾಳೆಯಲ್ಲಿ ಸರಪಣಿ ಹೊಲಿಗೆ. ಇರುವೆ ಸಾಲಿನಂತೆ ಹತ್ತಿಕೊಂಡು ಬಂದಿತ್ತು. ನಾನು ಇಷ್ಟು ಚೆನ್ನಾಗಿ ಹೊಲಿದೆನೇ ಎಂದು ಒಂದು ಕ್ಷಣ ಬೆರಗಾದೆ. ಎರಡನೆಯದು, ಮೂರನೆಯದು ತಿರುವಿದೆ. ಎಲೆ, ಹೂವು, ಬಳ್ಳಿ, ಕತ್ತು ಸರಿಯಾಗಿಯೇ ಇದ್ದ ಆ ನವಿಲು. ಕೊನೆಯ ಹಾಳೆಯ ತನಕ ಒಂದೂ ಖಾಲಿ ಇರಲಿಲ್ಲ. ಒಂದೂ ನನ್ನದಾಗಿರಲಿಲ್ಲ. ಮತ್ತೊಮ್ಮೆ ಮೊದಲಿನಿಂದ ಹುಡುಕಿದೆ. "ನನ್ನ ಗಿಳಿ ಎಲ್ಲಿ?" ಎಂದೆ.

"ಮನೇಲೈತೆ" ಎಂದಳು ಶಾರದ, ಕಿಟಕಿಯ ಆಚೆ ನೋಡುತ್ತ. "ಇನ್ನೊಬ್ಬರ ಕೈದು ಒಪ್ಪಿಸಾಕೆ ಆಗ್ತದೇನ್ರಿ? ಪಾಸಾದ್ರೆ ನನ್ನ ಕೈಲೇ ಪಾಸಾಗಬೇಕು." ಇದೆಲ್ಲ ಯಾವಾಗ ಹೊಲಿದೆ ಎಂದು ಕೇಳಿದೆ. ದಿನಾ ಹಿತ್ತಲ ಹುಣಸೆಮರದ ಕೆಳಗೆ ಎಂದಳು. ನನ್ನ ಕಿಟಕಿ ಬೀದಿಗೆ ಇತ್ತು. ಹಿತ್ತಲು ನನಗೆಲ್ಲಿ ಕಾಣಬೇಕು. ಅವ್ವ ನೋಡಲಿಲ್ಲವೇ ಎಂದೆ. "ಅತ್ತೇನೇ ಜಾಗ ತೋರಿಸಿದ್ದು. ಸೂರಿನ ಕೆಳಗೆ ಬ್ಯಾಡ ಅಂತ ತಾನೆ ಇರೋದು, ಮರಕ್ಕೆಲ್ಲೈತೆ ಸೂರು ಅಂದ್ರು. ದಿನಾ ಗುಡಿಸಿ ಚಾಪೆ ಹಾಸಿಕೊಡ್ತಿದ್ರು." ಹಾಗಾದರೆ ನನ್ನ ಕೈಗೆ ಸೂಜಿ ಕೊಟ್ಟದ್ದು ಏಕೆ ಎಂದು ಕೇಳಬೇಕೆಂದುಕೊಂಡೆ. ಕೇಳುವ ಮೊದಲೇ ಕೈ ತಾನಾಗಿ ಮೂಗಿನ ಮೇಲಿನ ಗುಳಿಗೆ ಹೋಯಿತು. ಉತ್ತರ ಅಲ್ಲೇ ಇತ್ತು. ಮುಖದ ಮೇಲೆ ಅದೊಂದೇ ಗುಳಿ, ಸೂಜಿ ಕೈಗೆ ಬರುವುದಕ್ಕೆ ಮುಂಚಿನದು.

ಪುಸ್ತಕ ಮುಚ್ಚಿ, "ತುರಿಕೆ ಮರೆಸುವುದಕ್ಕೆ ಎಂದು ಹೇಳಿಯೇ ಕೊಡಬಹುದಿತ್ತು" ಎಂದೆ. ಶಾರದ ನನ್ನ ಕಡೆ ತಿರುಗಿದಳು. "ಹೇಳಿದ್ರೆ ನೀವು ಒಂದು ದಿನಾನೂ ಹೊಲೀತಿರಲಿಲ್ಲ. ಯಾರಿಗೋ ಉಪಕಾರ ಮಾಡ್ತಿದೀನಿ ಅಂತ ಅನ್ನಿಸಿದ್ರೇನೇ ನಿಮ್ಮ ಕೈ ಓಡೋದು. ನಿಮಗೋಸ್ಕರ ಆದ್ರೆ ಸೋಮಾರಿತನ, ನಾನು ಸುಮ್ಮನೆ ಕೇಳಿದ್ರೆ ನಾಳೆ." ಇದರಲ್ಲಿ ಸಿಟ್ಟಿರಲಿಲ್ಲ, ಅನ್ನ ಬೆಂದಿದೆ ಎಂದು ಹೇಳುವ ಧ್ವನಿಯಲ್ಲೇ ಹೇಳಿದಳು. ದುರ್ಗದ ಬಂಡೆಗಳು ಕಾಣಿಸುವ ತನಕ ನಾನು ಮತ್ತೆ ನವಿಲಿನ ಹಾಳೆ ತೆರೆದು ನೋಡುತ್ತ ಕುಳಿತೆ. ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಅವಳ ಮೇಲೆ ಪ್ರೀತಿ ಉಕ್ಕಿತ್ತು. ಪರೀಕ್ಷೆಯ ಬಾಗಿಲಲ್ಲಿ, "ನವಿಲಿನ ಕತ್ತು ಸರಿಯಾಗಿಯೇ ಇದೆ" ಎಂದೆ. ಅವಳು, "ಗೊತ್ತೈತೆ" ಎಂದು ಒಳಗೆ ಹೋದಳು.

ಮನೆಗೆ ಬಂದಾಗ ಅವ್ವ ಜಗಲಿಯಲ್ಲಿ ಕದಿರು ತಿರುಗಿಸುತ್ತ ಕುಳಿತಿದ್ದಳು. "ಎಲ್ಲ ಗೊತ್ತಿದ್ದೂ ಸುಮ್ಮನಿದ್ದೆಯಲ್ಲವ್ವ, ಸೂರಿನ ಕೆಳಗೇ ಸೂಜಿ ಇತ್ತಲ್ಲ" ಎಂದೆ. "ಸುಮ್ಮನೆಲ್ಲಿದ್ದೆ? ನೀನು ಮೂಗು ಕಿತ್ಕಂಡ ದಿನ ಅಮ್ಮನ ಮುಂದೆ ಕುಂತು ಹೂ ಕೇಳಿದೆ. ತಾಯಿ, ಇವನ ಉಗುರಿಗಿಂತ ಸೂಜಿ ವಾಸಿ, ಏನಂತೀಯ ಅಂದೆ. ಬಲಗಡೆ ಹೂ ಕೊಟ್ಟಳು" ಎಂದಳು ಅವ್ವ. ಕಳಶಕ್ಕೆ ಅಂಟಿಸಿದ ಹೂಗಳಲ್ಲಿ ಬಲಗಡೆಯದು ಬಿದ್ದರೆ ದೇವಿ ಒಪ್ಪಿದಳೆಂದು ಅರ್ಥ. ಅಂದರೆ ನಾನು ಹೆಬ್ಬೆರಳಿನ ಗುಳ್ಳೆಯ ಮುಂದೆ ಗೋಗರೆದು ಕೇಳಿದ ಅಪ್ಪಣೆ ಎಷ್ಟೋ ದಿನ ಮೊದಲೇ ಮಂಜೂರಾಗಿತ್ತು. ಅವ್ವನಿಗೆ ಗೊತ್ತಿತ್ತು, ಶಾರದಳಿಗೆ ಗೊತ್ತಿತ್ತು, ಮಾರಮ್ಮನಿಗೂ ಗೊತ್ತಿತ್ತು. ಕೆಮ್ಮು ಹೇಗಿದೆ ಎಂದು ಕೇಳಿದೆ. "ಲೇ, ನನಗೆಲ್ಲಿತ್ತು ಕೆಮ್ಮು?" ಎಂದು ಅವಳು ನೂಲು ಸುತ್ತಿದಳು.

ಶಾರದ ಪಾಸಾದಳು. ಹೊಸದುರ್ಗದ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಮೇಡಂ ಆದಳು, ಆಮೇಲೆ ಹೊಳಲ್ಕೆರೆಗೆ ವರ್ಗವಾಯಿತು. ನಾನೂ ವರ್ಗ ಮಾಡಿಸಿಕೊಂಡು ಅವಳ ಹಿಂದೆ ಹಿಂದೆ ಹೋದೆ. ನನ್ನ ಗಿಳಿ ಏನಾಯಿತೆಂದು ನಾನು ಕೇಳಲಿಲ್ಲ. ಯಾವುದೋ ಪೆಟ್ಟಿಗೆಯ ತಳದಲ್ಲಿ, ನನ್ನ ತ್ಯಾಗದ ಗುರುತಾಗಿ, ಅರಿಸಿನ ಕುಂಕುಮದ ಜೊತೆ ಇಟ್ಟಿರಬೇಕು ಎಂದು ಎಣಿಸಿದ್ದೆ. ಎಷ್ಟೋ ವರ್ಷದ ಮೇಲೆ ಹೊಳಲ್ಕೆರೆಯ ಬಸ್ ನಿಲ್ದಾಣದಲ್ಲಿ ಮಗುವನ್ನು ಎತ್ತಿಕೊಂಡಿದ್ದ ಹೆಣ್ಣುಮಗಳೊಬ್ಬಳು ನನ್ನನ್ನು ಗುರುತಿಸಿ ಹತ್ತಿರ ಬಂದಳು. "ನೀವು ಶಾರದ ಮೇಡಂ ಮನೆಯೋರಲ್ವಾ ಸಾರ್? ಆ ಗಿಳಿ ಹೊಲಿದೋರು?" ಎಂದಳು. ಪ್ರತಿ ವರ್ಷ ಮೊದಲ ದಿನ ಮೇಡಂ ಅದನ್ನು ತರಗತಿಗೆ ತಂದು ಬೆಂಚಿನಿಂದ ಬೆಂಚಿಗೆ ದಾಟಿಸುತ್ತಿದ್ದರಂತೆ. ಹೇಗೆ ಹೊಲಿಯಬಾರದು ಎಂಬುದಕ್ಕೆ ಮಾದರಿ. "ಅದು ನೋಡಿದ್ರೆ ನಮಗೆಲ್ಲ ಧೈರ್ಯ ಬರ್ತಿತ್ತು ಸಾರ್. ಇಷ್ಟು ಕೆಟ್ಟದಾಗಂತೂ ನಾವು ಹೊಲಿಯಲ್ಲ ಅಂತ. ಮೇಡಂ ಮಾತ್ರ ಅದನ್ನ ಯಾರ ಕೈಲೂ ಬಿಚ್ಚಾಕೆ ಬಿಡ್ತಿರಲಿಲ್ಲ" ಎಂದಳು. ಕೊನೆಯ ಮಾತನ್ನು ನಾನು ಮನೆಯ ತನಕ ಜೋಪಾನವಾಗಿ ತೆಗೆದುಕೊಂಡು ಹೋದೆ.

ಈಗ ಇಬ್ಬರೂ ನಿವೃತ್ತರು. ಆಗಾಗ ಅವಳು ಅವರೆಕಾಯಿಯ ಮೊರವನ್ನೋ ಸಿಕ್ಕಾದ ದಾರದ ಉಂಡೆಯನ್ನೋ ತಂದು ನನ್ನ ಮುಂದೆ ಇಟ್ಟು, "ಒಂದು ಉಪಕಾರ ಮಾಡ್ತೀರೇನ್ರಿ?" ಎನ್ನುತ್ತಾಳೆ. ನಾನು ಕೂಡಲೇ ಕೈ ಹಾಕುತ್ತೇನೆ, ನಾಳೆ ಎನ್ನುವುದಿಲ್ಲ. ಆದರೆ ಕೈ ಹಾಕುವ ಮೊದಲು, ಈಗ ನನಗೆ ಎಲ್ಲಿ ತುರಿಸುತ್ತಿದೆ ಎಂದು ಒಮ್ಮೆ ಮೈಯೆಲ್ಲ ನೋಡಿಕೊಳ್ಳುತ್ತೇನೆ.